ಹೆರಿಗೆ ನಂತರದ ರಕ್ತಸ್ರಾವ: ಕಣ್ಣಂದಾಜು ಸಾಕಾ, ಅಳತೆ ಬೇಕಾ?

ರಾತ್ರಿಪಾಳಿ (ನರ್ಸಿಂಗ್ ಆಫೀಸರ್, ತಾಲೂಕು ಆಸ್ಪತ್ರೆ)

ಎಲ್ಲರಿಗೂ ನಮಸ್ಕಾರ. ನಮ್ಮ ಲೇಬರ್ ರೂಮಿನಲ್ಲಿ ಸದ್ಯ ಒಂದು ಜಗಳ ನಡೆಯುತ್ತಿದೆ. ಇಲ್ಲಿ ಹೆರಿಗೆ ಮಾಡಿಸುವವರು ಸುಮಾರು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಿಮ್ಮ ಹೆರಿಗೆ ರಿಜಿಸ್ಟರ್ ತೆಗೆದು ರಕ್ತಸ್ರಾವದ ಕಾಲಂ ಮಾತ್ರ ಮೇಲಿಂದ ಕೆಳಗೆ ಓದಿ ನೋಡಿ. ನಮ್ಮಲ್ಲಿ 150, 200, 200, 'ಸಾಧಾರಣ', 150, 200. ಪುಟ ತಿರುಗಿಸಿದರೂ ಅದೇ. ಚೊಚ್ಚಲಿಗೂ 200, ನಾಲ್ಕನೆಯದಕ್ಕೂ 200, ಅವಳಿ ಜವಳಿಗೂ 200. ಸಂಜೆ ರಕ್ತ ಹಾಕಿಸಿಕೊಂಡ ಬಾಣಂತಿಯ ಹೆಸರಿನ ಮುಂದೆ 250. ನಿಜವಾಗಿ ಅಳೆದಿದ್ದರೆ ಹೀಗೆ ಬರಲು ಸಾಧ್ಯವೇ?

ರಕ್ತ ಎಲ್ಲೆಲ್ಲಿ ಹೋಗುತ್ತದೆ ಎಂದು ನಿಮಗೇ ಗೊತ್ತು. ಒಂದಿಷ್ಟು ಕೆಳಗೆ ಹಾಸಿದ ರಬ್ಬರ್ ಹಾಳೆ (ಮ್ಯಾಕಿಂಟೋಶ್) ಮೇಲೆ ಹರಿದು ಬಕೆಟ್ ಸೇರುತ್ತದೆ. ಅಲ್ಲಿ ಮೊದಲೇ ಒಡೆದ ನೀರು, ಮೂತ್ರ, ಸವ್ಲಾನ್ ಎಲ್ಲ ಕಲಸಿರುತ್ತದೆ. ಒಂದಿಷ್ಟು ಹತ್ತಿ, ಗಾಜ್, ಪ್ಯಾಡಿನಲ್ಲಿ. ಒಂದಿಷ್ಟು ಲಂಗಕ್ಕೆ. ನೆಲಕ್ಕೆ ಬಿದ್ದದ್ದನ್ನು ನಾವು ನೋಡುವ ಮೊದಲೇ ಆಯಾ ಒರೆಸಿರುತ್ತಾರೆ. ಇಷ್ಟೆಲ್ಲ ಆದ ಮೇಲೆ, ಮಗುವನ್ನು ವಾರ್ಮರ್‌ಗೆ ಹಾಕಿ, ಹೊಲಿಗೆ ಮುಗಿಸಿ, ತಾಯಿ ಕಾರ್ಡ್ ತುಂಬುವ ಹೊತ್ತಿಗೆ ಪೆನ್ನು ತಾನಾಗಿಯೇ 200 ಎಂದು ಬರೆಯುತ್ತದೆ.

ಹೊಸದಾಗಿ ಬಂದ ಇನ್‌ಚಾರ್ಜ್ ಸಿಸ್ಟರ್ ಅಳತೆ ಗೆರೆ ಇರುವ ಡ್ರೇಪ್ ತರಿಸೋಣ ಎನ್ನುತ್ತಿದ್ದಾರೆ. ಹೆರಿಗೆಯಾದ ತಕ್ಷಣ ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ ಅದು. ಕೆಳತುದಿಯಲ್ಲಿ ಚೀಲ, ಚೀಲದ ಮೇಲೆ ಎಂ.ಎಲ್. ಗೆರೆಗಳು. ಹಿರಿಯರೆಲ್ಲ ಬೇಡವೇ ಬೇಡ ಎನ್ನುತ್ತಿದ್ದಾರೆ. ನಾನು ಡ್ರೇಪ್ ಪರ. ಇಂಥ ಡ್ರೇಪ್ ಬಳಸಿ ನೋಡಿದ, 2023ರಲ್ಲಿ ಬಂದ ಇ-ಮೋಟಿವ್ ಅಧ್ಯಯನ ಓದಿದ ಮೇಲಂತೂ ಪೂರ್ತಿ ಪರ. ನಿಮ್ಮಲ್ಲಿ ಏನು ಮಾಡುತ್ತೀರಿ?

ಹಳೇಸ್ಟಾಫ್

ತಂಗಿ, ನಿನ್ನ ಉತ್ಸಾಹ ಒಳ್ಳೆಯದೇ. ಆದರೆ ಅಡುಗೆ ಮಾಡಿ ಮಾಡಿ ಕೈ ಪಳಗಿದವಳು ಉಪ್ಪು ಹಾಕಲು ಅಳತೆ ಚಮಚ ಹುಡುಕುತ್ತಾಳಾ? ಬಾಣಂತಿಯ ಮುಖ ನೋಡಿದರೆ ಗೊತ್ತಾಗುತ್ತದೆ. ಹೊಟ್ಟೆ ಮೇಲೆ ಕೈ ಇಟ್ಟರೆ ಗರ್ಭಕೋಶ ಗಟ್ಟಿಯಾಗಿದೆಯಾ, ಮೆತ್ತಗಿದೆಯಾ ತಿಳಿಯುತ್ತದೆ. ನಾಡಿ ಇದೆ, ಬಿ.ಪಿ. ಇದೆ. ಇಷ್ಟು ವರ್ಷ ಹೀಗೇ ಹೆರಿಗೆ ಮಾಡಿಸಿದ್ದೇವೆ.

ಇನ್ನೊಂದು ಮಾತು. ರಾತ್ರಿ ಇಬ್ಬರೇ ಸಿಸ್ಟರ್‌ಗಳು, ಮೂರು ಟೇಬಲ್. ಪಾರ್ಟೋಗ್ರಾಫ್, ಸೇಫ್ ಚೈಲ್ಡ್‌ಬರ್ತ್ ಚೆಕ್‌ಲಿಸ್ಟ್, ಲಕ್ಷ್ಯ ಫಾರಂ, ಆನ್‌ಲೈನ್ ಎಂಟ್ರಿ. ಈಗ ಚೀಲ ಬೇರೆ. ಪೇಷೆಂಟ್ ನೋಡುವುದು ಯಾವಾಗ?

ಕುಂದಾನಗರಿ

ರಾತ್ರಿಪಾಳಿ ಅವರೇ, ಆ ಡ್ರೇಪ್ ಹೊರಗಿನಿಂದ ಬಂದದ್ದು ಎಂದು ಎಷ್ಟೋ ಜನ ತಿಳಿದಿದ್ದಾರೆ. ನಮ್ಮ ಬೆಳಗಾವಿಯ ಕೂಸು ಅದು! ಬ್ರಾಸ್-ವಿ ಡ್ರೇಪ್ ಎಂದು ಹೆಸರು. ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಮಿಸ್ಸೌರಿಯವರ ಜೊತೆ ಸೇರಿ ಮಾಡಿದ್ದು.

ಅದರ ಹಿಂದೆ ಒಂದು ಕಥೆ ಇದೆ. ಆಗ ಜಿಲ್ಲೆಯ ಹಳ್ಳಿಗಳಲ್ಲಿ ಮನೆಯಲ್ಲೇ, ಇಲ್ಲವೇ ಉಪಕೇಂದ್ರದಲ್ಲೇ ಎ.ಎನ್.ಎಂ. ಸಿಸ್ಟರ್‌ಗಳು ಹೆರಿಗೆ ಮಾಡಿಸುತ್ತಿದ್ದರು. ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್ ಇಂಜೆಕ್ಷನ್ ಇಡಲು ಫ್ರಿಜ್ ಇಲ್ಲ. ಮಿಸೋಪ್ರೋಸ್ಟಾಲ್ ಮಾತ್ರೆ 600 ಮೈಕ್ರೋಗ್ರಾಂ ಬಾಯಿಯಲ್ಲಿ ಕೊಟ್ಟರೆ ರಕ್ತಸ್ರಾವ ತಡೆಯಬಹುದಾ ಎಂದು ನೋಡಬೇಕಿತ್ತು. ನೋಡಬೇಕು ಎಂದರೆ ಅಳೆಯಬೇಕು. ಹಳ್ಳಿಮನೆಯ ನಡುಮನೆಯಲ್ಲಿ, ಲಾಟೀನು ಬೆಳಕಿನಲ್ಲೂ ಅಳೆಯಲು ಆಗುವಂಥದ್ದು ಬೇಕಾಗಿತ್ತು. ಹಾಗೆ ಈ ಡ್ರೇಪ್ ಬಳಕೆಗೆ ಬಂತು.

1620 ಹೆಂಗಸರ ಮೇಲಿನ ಆ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 500 ಎಂ.ಎಲ್. ದಾಟಿದ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿದಿತ್ತು. ಒಂದು ಲೀಟರ್ ದಾಟಿದ್ದು ಶೇ. 1.2ರಿಂದ ಶೇ. 0.2ಕ್ಕೆ. ಮಾತ್ರೆ ಕೊಟ್ಟವರು ಡಾಕ್ಟರ್‌ಗಳಲ್ಲ, ನಮ್ಮ ಎ.ಎನ್.ಎಂ.ಗಳು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆ ಮಿಸೋಪ್ರೋಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಹಳೇಸ್ಟಾಫ್ ಅಕ್ಕಾವ್ರಿಗೆ ಇನ್ನೊಂದು ಮಾತು, ಸಿಟ್ಟಾಗಬೇಡಿ. ಅದೇ 2006ರಲ್ಲಿ ಬೆಳಗಾವಿಯಿಂದಲೇ ಇನ್ನೊಂದು ಚಿಕ್ಕ ಅಧ್ಯಯನ ಬಂತು. ಕಣ್ಣಂದಾಜು ಒಂದು ಕಡೆ, ಡ್ರೇಪ್ ಇನ್ನೊಂದು ಕಡೆ. ಕಣ್ಣಂದಾಜು ಡ್ರೇಪಿಗಿಂತ ಶೇ. 33ರಷ್ಟು ಕಡಿಮೆ ತೋರಿಸಿತ್ತು. ಆ ಲೆಕ್ಕದಲ್ಲಿ ಆರುನೂರು ಹೋದದ್ದು ನಾಲ್ಕುನೂರು ಎಂದು ಕಾಣುತ್ತದೆ. ಪಿ.ಪಿ.ಎಚ್. (ಹೆರಿಗೆ ನಂತರದ ಅತಿ ರಕ್ತಸ್ರಾವ) ಎನ್ನುವ ಗೆರೆ ಇರುವುದೇ 500ರಲ್ಲಿ.

ಡಾಕ್ಟ್ರಮ್ಮ (ಸ್ತ್ರೀರೋಗ ತಜ್ಞೆ)

ನಾನು ಅಳತೆಗೆ ವಿರೋಧಿ ಅಲ್ಲ. ಆದರೆ ಡ್ರೇಪ್ ತಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಯೂರೋಪಿನ 13 ದೇಶಗಳಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ, 2010ರಲ್ಲಿ ಬಿ.ಎಂ.ಜೆ. ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಕೆಲವು ಆಸ್ಪತ್ರೆಗಳಿಗೆ ರಕ್ತ ಹಿಡಿಯುವ ಚೀಲ ಕೊಟ್ಟರು, ಕೆಲವಕ್ಕೆ ಕೊಡಲಿಲ್ಲ. 25 ಸಾವಿರಕ್ಕೂ ಮೇಲ್ಪಟ್ಟ ಹೆರಿಗೆ. ತೀವ್ರ ರಕ್ತಸ್ರಾವದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಬರಲಿಲ್ಲ. ಚೀಲ ತುಂಬುವುದನ್ನು ನೋಡುತ್ತ ನಿಂತರೆ ರಕ್ತ ನಿಲ್ಲುವುದಿಲ್ಲ, ಅಲ್ವಾ?

ರಾತ್ರಿಪಾಳಿ

ಡಾಕ್ಟ್ರಮ್ಮ, ಇದನ್ನು ನೀವು ಎತ್ತಿದ್ದು ಒಳ್ಳೆಯದಾಯಿತು. ನಮ್ಮ ಜಗಳದಲ್ಲಿ ಯಾರೂ ಈ ಮಾತಿಗೆ ಬಂದೇ ಇರಲಿಲ್ಲ.

ಇ-ಮೋಟಿವ್‌ನಲ್ಲಿ ಏನು ಮಾಡಿದರು ನೋಡಿ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ. ನಮ್ಮ ತಾಲೂಕು, ಜಿಲ್ಲಾ ಆಸ್ಪತ್ರೆಗಳಂಥವೇ 80 ಆಸ್ಪತ್ರೆ, 2 ಲಕ್ಷಕ್ಕೂ ಜಾಸ್ತಿ ಹೆರಿಗೆ. ಮಜಾ ಏನೆಂದರೆ, ಹಳೇ ಪದ್ಧತಿಯಲ್ಲೇ ಇದ್ದ ಆಸ್ಪತ್ರೆಗಳಿಗೂ ಚೀಲ ಕೊಟ್ಟಿದ್ದರು. ಆದರೆ ಅದರ ಮೇಲೆ ಗೆರೆ ಇರಲಿಲ್ಲ. ಆಮೇಲೆ ತೂಕ ಹಾಕಿ ಲೆಕ್ಕ ತೆಗೆದುಕೊಂಡರು. ಅಂದರೆ ರಕ್ತ ಎರಡೂ ಕಡೆ ಚೀಲಕ್ಕೇ ಬೀಳುತ್ತಿತ್ತು. ಒಂದು ಕಡೆಯ ಸಿಸ್ಟರ್‌ಗೆ ಎಷ್ಟು ಎಂದು ಆಗಲೇ ಕಾಣುತ್ತಿತ್ತು, ಮುಂದೇನು ಮಾಡಬೇಕು ಎಂದು ಮೊದಲೇ ತೀರ್ಮಾನ ಆಗಿತ್ತು. ಇನ್ನೊಂದು ಕಡೆಯವರು ಎಂದಿನಂತೆ ಅಂದಾಜು ಮಾಡುತ್ತಿದ್ದರು.

ಗೆರೆ ಇದ್ದ ಕಡೆ ನೂರು ಪಿ.ಪಿ.ಎಚ್.ಗಳಲ್ಲಿ 93 ಸಿಕ್ಕಿಬಿದ್ದವು. ಇಲ್ಲದ ಕಡೆ 51. ಅಂದರೆ ಅರ್ಧಕ್ಕರ್ಧ ಕಣ್ಣೆದುರೇ ತಪ್ಪಿಸಿಕೊಂಡವು. ಒಂದು ಲೀಟರ್ ದಾಟುವುದು, ರಕ್ತಸ್ರಾವಕ್ಕಾಗಿ ಹೊಟ್ಟೆ ಕೊಯ್ಯಬೇಕಾಗುವುದು, ಸಾವು, ಈ ಮೂರನ್ನೂ ಸೇರಿಸಿ ನೋಡಿದರೆ ಹಳೇ ಕ್ರಮದಲ್ಲಿ ಶೇ. 4.3, ಹೊಸ ಕ್ರಮದಲ್ಲಿ ಶೇ. 1.6.

ಯೂರೋಪಿನವರು ಕೊಟ್ಟದ್ದು ಚೀಲ ಮಾತ್ರ. ಇವರು ಚೀಲದ ಜೊತೆಗೆ, ಗೆರೆ ಮುಟ್ಟಿದರೆ ಯಾರನ್ನೂ ಕಾಯದೆ ಇಷ್ಟಿಷ್ಟು ಮಾಡು ಎಂಬ ಅಪ್ಪಣೆಯನ್ನೂ ಕೊಟ್ಟರು. ನನಗೆ ಬೇಕಾಗಿರುವುದು ಆ ಅಪ್ಪಣೆ. ರಾತ್ರಿ ಎರಡು ಗಂಟೆಗೆ "ಡಾಕ್ಟ್ರೇ, ಬ್ಲೀಡಿಂಗ್ ಸ್ವಲ್ಪ ಜಾಸ್ತಿ ಅನಿಸುತ್ತಿದೆ" ಎಂದು ಫೋನ್ ಮಾಡಿದರೆ "ನೋಡ್ತಾ ಇರಿ ಸಿಸ್ಟರ್" ಎಂದು ಉತ್ತರ ಬರುತ್ತದೆ. "ಚೀಲದಲ್ಲಿ 450 ಇದೆ, ನಾಡಿ 118, ಪಟ್ಟಿಯಲ್ಲಿರುವುದನ್ನು ಶುರು ಮಾಡಿದ್ದೇನೆ" ಎಂದರೆ ಆ ಕಡೆ ಚಪ್ಪಲಿ ಹುಡುಕುವ ಸದ್ದು ಕೇಳುತ್ತದೆ.

ಬಿಎಸ್ಸಿ_ಮೂರನೇವರ್ಷ

ಮೇಡಂ, ಆ ಪಟ್ಟಿಯಲ್ಲಿ ಏನೇನಿದೆ? ನಮಗೆ ಕ್ಲಾಸಿನಲ್ಲಿ ನಾಲ್ಕು 'ಟಿ' ಹೇಳಿಕೊಟ್ಟಿದ್ದಾರೆ, ಇಂಗ್ಲಿಷಿನಲ್ಲಿ 'ಟಿ'ಯಿಂದ ಶುರುವಾಗುವ ರಕ್ತಸ್ರಾವದ ನಾಲ್ಕು ಕಾರಣಗಳು. ಗರ್ಭಕೋಶ ಬಿಗಿಯಾಗದಿರುವುದು, ಗಾಯ, ಮಾಸಿನ ಚೂರು ಉಳಿಯುವುದು, ರಕ್ತ ಹೆಪ್ಪುಗಟ್ಟದಿರುವುದು. ಒಂದೊಂದಾಗಿ ನೋಡುತ್ತ ಹೋಗಬೇಕು ಎಂದು ಓದಿದ್ದೇನೆ.

ಬೋಧಕಿ_ಕರಾವಳಿ (ನರ್ಸಿಂಗ್ ಕಾಲೇಜು)

ಮಗಾ, ಪರೀಕ್ಷೆಗೆ ನಾಲ್ಕು 'ಟಿ' ಬರಿ. ಕಾರಣ ಹುಡುಕಲು ಅದು ಬೇಕೇ ಬೇಕು. ಆದರೆ ಟೇಬಲ್ ಹತ್ತಿರ "ಮೊದಲು ಇದು, ಇದಕ್ಕೆ ನಿಲ್ಲದಿದ್ದರೆ ಅದು" ಎಂದು ಕಾಯುತ್ತ ಕುಳಿತರೆ ಹೊತ್ತು ಕೈಬಿಟ್ಟು ಹೋಗುತ್ತದೆ. ಇ-ಮೋಟಿವ್‌ನ ಮುಖ್ಯ ಮಾತೇ ಎಲ್ಲವನ್ನೂ ಒಟ್ಟಿಗೆ ಶುರು ಮಾಡು, ಕಾಲು ಗಂಟೆಯೊಳಗೆ ಮುಗಿಸು ಎಂಬುದು. ಒಬ್ಬರು ಗರ್ಭಕೋಶ ತಿಕ್ಕುತ್ತಿರುವಾಗಲೇ ಇನ್ನೊಬ್ಬರು ಆಕ್ಸಿಟೋಸಿನ್ ಹಾಕಬೇಕು. ಅದರ ಬೆನ್ನಿಗೇ, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಮತ್ತು ಡ್ರಿಪ್. ಮೂತ್ರಕೋಶ ಖಾಲಿ ಮಾಡಿಸಿ, ಮಾಸು ಪೂರ್ತಿ ಬಂದಿದೆಯಾ ನೋಡಿ, ಗರ್ಭಕೋಶದ ಬಾಯಿ, ಯೋನಿ, ಹೊಲಿಗೆ ಜಾಗ ಪರೀಕ್ಷಿಸಿ. ಆದರೂ ನಿಲ್ಲದಿದ್ದರೆ ದೊಡ್ಡವರನ್ನು ಕರೆಯಿರಿ, ಮೇಲಿನ ಆಸ್ಪತ್ರೆಗೆ ಸಿದ್ಧ ಮಾಡಿ.

ಟ್ರಾನೆಕ್ಸಾಮಿಕ್ ಬಗ್ಗೆ ಎರಡು ಮಾತು ಜಾಸ್ತಿಯೇ ಹೇಳುತ್ತೇನೆ. ಅದನ್ನು ಕೊನೆಯ ಅಸ್ತ್ರ ಎಂದು ಎಮರ್ಜೆನ್ಸಿ ಟ್ರೇ ಮೂಲೆಯಲ್ಲಿ ಇಟ್ಟಿರುವುದನ್ನು ಪ್ರತಿ ತಪಾಸಣೆಯಲ್ಲೂ ನೋಡುತ್ತೇನೆ. 2017ರ ವುಮನ್ ಅಧ್ಯಯನ 21 ದೇಶಗಳ 20 ಸಾವಿರ ಬಾಣಂತಿಯರದ್ದು. ಹೆರಿಗೆಯಾಗಿ ಮೂರು ಗಂಟೆಯೊಳಗೆ ಕೊಟ್ಟವರಲ್ಲಿ ರಕ್ತಸ್ರಾವದ ಸಾವು ಶೇ. 1.7ರಿಂದ ಶೇ. 1.2ಕ್ಕೆ ಇಳಿಯಿತು. ಮೂರು ಗಂಟೆ ದಾಟಿದ ಮೇಲೆ ಕೊಟ್ಟರೆ ಪ್ರಯೋಜನ ಕಾಣಲಿಲ್ಲ. ಕಾಲು ಗಂಟೆ ತಡವಾದರೆ ಉಪಯೋಗ ಸುಮಾರು ಶೇ. 10ರಷ್ಟು ಕಡಿಮೆಯಾಗುತ್ತದೆ ಎಂದು ಆಮೇಲಿನ ಲೆಕ್ಕಾಚಾರ ತೋರಿಸಿತು. 1 ಗ್ರಾಂ, ರಕ್ತನಾಳಕ್ಕೆ, ಹತ್ತು ನಿಮಿಷದಲ್ಲಿ ನಿಧಾನವಾಗಿ. ಗಡಿಬಿಡಿಯಲ್ಲಿ ಸಿರಿಂಜ್ ಒತ್ತಿಬಿಟ್ಟರೆ ಬಿ.ಪಿ. ಇಳಿಯುತ್ತದೆ. ಅರ್ಧ ಗಂಟೆ ಆದ ಮೇಲೂ ರಕ್ತ ಹೋಗುತ್ತಿದ್ದರೆ ಇನ್ನೊಂದು ಗ್ರಾಂ.

ಹಳೇಸ್ಟಾಫ್

ಗರ್ಭಕೋಶ ತಿಕ್ಕುವುದು ಎಂದಿರಲ್ಲ, ಅದನ್ನೇ ನಾವು ಮೊದಲಿನಿಂದ ಮಾಡಿಕೊಂಡು ಬಂದಿದ್ದೇವೆ. ಹೆರಿಗೆಯಾದ ಪ್ರತಿಯೊಬ್ಬರಿಗೂ ಎರಡು ಗಂಟೆ ಕಾಲ, ಕಾಲು ಗಂಟೆಗೊಮ್ಮೆ. ಅದಕ್ಕೇ ನಮ್ಮ ಪಾಳಿಯಲ್ಲಿ ರಕ್ತಸ್ರಾವ ಕಡಿಮೆ.

ಬೋಧಕಿ_ಕರಾವಳಿ

ಅಕ್ಕ, ಇಲ್ಲಿ ಸ್ವಲ್ಪ ತಡೆಯಿರಿ. ಕಾಲು ಗಂಟೆಗೊಮ್ಮೆ ಹೊಟ್ಟೆ ಮುಟ್ಟಿ ಗಟ್ಟಿ ಇದೆಯಾ ಎಂದು ನೋಡುವುದು ಎಲ್ಲರಿಗೂ ಬೇಕು. ಆದರೆ ಆಕ್ಸಿಟೋಸಿನ್ ಆಗಲೇ ಕೊಟ್ಟಿದ್ದು, ಗರ್ಭಕೋಶ ಗಟ್ಟಿ ಇರುವಾಗ, ಸುಮ್ನೆ ಒತ್ತಿ ಒತ್ತಿ ತಿಕ್ಕುತ್ತ ಇರಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹೇಳಿದೆ. ಅದರಿಂದ ರಕ್ತಸ್ರಾವ ತಪ್ಪುವುದಿಲ್ಲ, ಬಾಣಂತಿಗೆ ನೋವು ಮಾತ್ರ. ಹೆರಿಗೆ ನೋವಿಗಿಂತ ಆಮೇಲೆ ಸಿಸ್ಟರ್ ಹೊಟ್ಟೆ ಅಮುಕಿದ್ದೇ ಜಾಸ್ತಿ ನೋವು ಎಂದವರನ್ನು ನೀವೂ ಕೇಳಿರುತ್ತೀರಿ. ಮೆತ್ತಗಾದರೆ ತಿಕ್ಕಿ, ರಕ್ತ ಹೋಗುತ್ತಿದ್ದರೆ ತಿಕ್ಕಿ.

ಮೆತ್ತಗಿದ್ದು ಹೊಕ್ಕುಳಿಗಿಂತ ಮೇಲಕ್ಕೆ, ಬಲಕ್ಕೆ ಸರಿದಿದ್ದರೆ ಮೊದಲು ಮೂತ್ರ ಮಾಡಿಸಿ. ಬೆಡ್‌ಪ್ಯಾನ್ ಕೊಟ್ಟ ಎರಡು ನಿಮಿಷಕ್ಕೆ ಗರ್ಭಕೋಶ ಕಲ್ಲಿನಂತೆ ಗಟ್ಟಿಯಾಗಿದ್ದನ್ನು ವಿದ್ಯಾರ್ಥಿಗಳಿಗೆ ತೋರಿಸಿದ್ದೇನೆ. ಪುಸ್ತಕದ ಹತ್ತು ಪುಟಕ್ಕಿಂತ ಅದು ತಲೆಯಲ್ಲಿ ನಿಲ್ಲುತ್ತದೆ.

ಹಳೇಸ್ಟಾಫ್

ಮೂತ್ರದ ವಿಷಯ ಒಪ್ಪಿದೆ. ತಿಕ್ಕುವುದು ಬಿಡಿ ಎಂದರೆ ಒಪ್ಪಲು ಆಗುವುದಿಲ್ಲ. ಕೈ ತೆಗೆದ ಮೇಲೆ ಮೆತ್ತಗಾದರೆ ಯಾರು ಹೊಣೆ?

ಪಿಎಚ್‌ಸಿ_ಕಾಡಂಚು

ನಮಸ್ಕಾರ. ನಾನು ಕಾಡಂಚಿನ ಪಿ.ಎಚ್.ಸಿ.ಯಲ್ಲಿರುವ ಸ್ಟಾಫ್ ನರ್ಸ್. ನಿಮ್ಮೆಲ್ಲರ ಮಾತು ಓದಲು ಚೆನ್ನಾಗಿದೆ. ನಮ್ಮಲ್ಲಿ ರಾತ್ರಿ ಡಾಕ್ಟರ್ ಇರುವುದಿಲ್ಲ. ನಾನು ಮತ್ತು ಆಯಾ. 108 ಬರಲು ಘಟ್ಟದ ದಾರಿ, ಮಳೆಗಾಲದಲ್ಲಂತೂ ಕೇಳಬೇಡಿ. ಕರೆಂಟ್ ಹೋದರೆ ಆಕ್ಸಿಟೋಸಿನ್ ಇರುವ ಫ್ರಿಜ್ಜೂ ಬಂದ್. ಡಾಕ್ಟರ್ ಬರೆದುಕೊಡದೆ ನಾನು ಟ್ರಾನೆಕ್ಸಾಮಿಕ್ ಹಾಕಿ, ನಾಳೆ ಏನಾದರೂ ಆದರೆ ನನ್ನ ಹಿಂದೆ ಯಾರು ನಿಲ್ಲುತ್ತಾರೆ?

ಡಾಕ್ಟ್ರಮ್ಮ

ನಿಮ್ಮ ಭಯ ನ್ಯಾಯವಾದದ್ದು. ಬಾಯಿಮಾತಿನ ಅಪ್ಪಣೆ ನಂಬಿ ನಡೆಯಬೇಡಿ. ನಿಮ್ಮ ವೈದ್ಯಾಧಿಕಾರಿಯಿಂದ ಸ್ಟ್ಯಾಂಡಿಂಗ್ ಆರ್ಡರ್ ಬರೆಸಿಕೊಳ್ಳಿ. ಒಂದು ಪುಟ ಸಾಕು. ರಕ್ತ ಎಷ್ಟಾದಾಗ, ನಾಡಿ ಎಷ್ಟಾದಾಗ, ಯಾವ ಔಷಧಿ, ಎಷ್ಟು, ಯಾವ ದಾರಿಯಲ್ಲಿ, ಯಾರಿಗೆ ಫೋನ್. ಸಹಿ, ಸೀಲು, ತಾರೀಖು. ಲ್ಯಾಮಿನೇಟ್ ಮಾಡಿಸಿ ಟೇಬಲ್ ಪಕ್ಕದ ಗೋಡೆಗೆ ಅಂಟಿಸಿ. ಆಕ್ಸಿಟೋಸಿನ್, ಮಿಸೋಪ್ರೋಸ್ಟಾಲ್ ವಿಷಯದಲ್ಲಿ ಸ್ಟಾಫ್ ನರ್ಸ್‌ಗಳಿಗೆ, ಎ.ಎನ್.ಎಂ.ಗಳಿಗೆ ಸರ್ಕಾರದ ತರಬೇತಿ ಮಾರ್ಗಸೂಚಿಯಲ್ಲೇ ಅವಕಾಶ ಇದೆ. ಉಳಿದದ್ದಕ್ಕೆ ಈ ಕಾಗದ.

ಇನ್ನು ಗೆರೆ ಎಲ್ಲಿ ಎಂಬ ಪ್ರಶ್ನೆ. 500 ಆಗುವವರೆಗೆ ಕಾಯುವ ಕಾಲ ಮುಗಿದಿದೆ. 2025ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಪ್ರಸೂತಿ ತಜ್ಞರ ಮತ್ತು ಸೂಲಗಿತ್ತಿಯರ ಅಂತಾರಾಷ್ಟ್ರೀಯ ಒಕ್ಕೂಟಗಳು ಸೇರಿ ಹೊಸ ಮಾರ್ಗಸೂಚಿ ಕೊಟ್ಟಿವೆ. ಸಹಜ ಹೆರಿಗೆಯಾದವರಿಗೆ ರಕ್ತ 300 ಆಗಿದ್ದು, ನಾಡಿ ಅಥವಾ ಬಿ.ಪಿ. ಕೆಟ್ಟಿದ್ದರೆ ಚಿಕಿತ್ಸೆ ಶುರು. ನಾಡಿ, ಬಿ.ಪಿ. ಚೆನ್ನಾಗಿದ್ದರೂ 500 ಮುಟ್ಟಿದರೆ ಶುರು.

ನಮ್ಮ ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ. 45ರಷ್ಟು ಜನರಿಗೆ ರಕ್ತಹೀನತೆ. 42 ಕೆ.ಜಿ. ತೂಕ, ಹಿಮೋಗ್ಲೋಬಿನ್ 8 ಇರುವ ಹುಡುಗಿಗೆ 400 ಎಂ.ಎಲ್. ಹೋದರೂ ಅವಳು ಕುಸಿಯಬಹುದು. ಇನ್ನೊಂದು ಕಡೆ, ಗಟ್ಟಿಮುಟ್ಟಾದವಳಿಗೆ ಒಂದು ಲೀಟರ್ ಹೋದರೂ ಬಿ.ಪಿ. ಇಳಿಯದೆ ಇರಬಹುದು. ನಾಡಿ ಮೊದಲು ಏರುತ್ತದೆ, ಬಿ.ಪಿ. ಆಮೇಲೆ, ಒಂದೇ ಸಲಕ್ಕೆ ಬೀಳುತ್ತದೆ. ಹಳೇಸ್ಟಾಫ್ ಅವರು ಹೇಳುವ ಬಿಳಿಚಿದ ಮುಖ ಕಾಣುವ ಹೊತ್ತಿಗೆ ನಾವು ಆಗಲೇ ತಡವಾಗಿರುತ್ತೇವೆ.

ಕಾರ್ಡಿಫ್_ಕನ್ನಡತಿ

ಉಡುಪಿ ಕಡೆಯವಳು, ಈಗ ವೇಲ್ಸ್‌ನಲ್ಲಿ ಮಿಡ್‌ವೈಫ್. ಇಲ್ಲಿ ಡ್ರೇಪಿನ ಜೊತೆಗೆ ತಕ್ಕಡಿಯೂ ಇರುತ್ತದೆ. ಪ್ರತಿ ಪ್ಯಾಡ್, ಪ್ರತಿ ಗಾಜ್, ಹಾಸಿದ ಬಟ್ಟೆ, ಎಲ್ಲವನ್ನೂ ತೂಕ ಹಾಕುತ್ತೇವೆ. ಒಣಗಿದ್ದರ ತೂಕ ಕಳೆದರೆ ಉಳಿದ ಒಂದು ಗ್ರಾಂಗೆ ಒಂದು ಎಂ.ಎಲ್. ರಕ್ತ. ಒಣ ತೂಕದ ಚೀಟಿ ಗೋಡೆ ಮೇಲೇ ಇರುತ್ತದೆ. ಇಡೀ ವೇಲ್ಸ್‌ನ ಹೆರಿಗೆ ಆಸ್ಪತ್ರೆಗಳಲ್ಲಿ ಇದನ್ನೇ ಒಂದು ಕಾರ್ಯಕ್ರಮವಾಗಿ ತಂದಿದ್ದಾರೆ.

ಊರಲ್ಲಿ ಕೆಲಸ ಮಾಡುವಾಗ ಮತ್ತು ಇಲ್ಲಿ ನನಗೆ ಕಂಡ ದೊಡ್ಡ ವ್ಯತ್ಯಾಸ ಯಂತ್ರದಲ್ಲಿಲ್ಲ. ಇಲ್ಲಿ ಸಂಖ್ಯೆಯನ್ನು ಜೋರಾಗಿ ಹೇಳಬೇಕು. "ಇನ್ನೂರೈವತ್ತು", "ನಾಲ್ಕುನೂರು" ಎಂದು ಕೋಣೆಯಲ್ಲಿರುವ ಎಲ್ಲರಿಗೂ ಕೇಳುವಂತೆ. ಇಷ್ಟಾದರೆ ಹಿರಿಯ ಡಾಕ್ಟರ್ ಬರಲೇಬೇಕು ಎಂದು ಮೊದಲೇ ಬರೆದಿಟ್ಟಿದೆ. ಹಾಗಾಗಿ ಕರೆಯುವವಳು ಹೊಸಬಳಾದರೂ ಯಾರೂ ರೇಗುವುದಿಲ್ಲ. ಊರಿನಲ್ಲಿ ನನಗೆ ಡಾಕ್ಟರನ್ನು ಎಬ್ಬಿಸುವುದೇ ಅರ್ಧ ಕೆಲಸವಾಗಿತ್ತು.

ಎರಡುಮಕ್ಕಳತಾಯಿ

ನಾನು ನರ್ಸ್ ಅಲ್ಲ, ಮಧ್ಯೆ ಬಂದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಎರಡನೇ ಹೆರಿಗೆಯಲ್ಲಿ ನನಗೆ ಮನೆಗೆ ಬಂದ ಮೇಲೆ ರಕ್ತ ಜಾಸ್ತಿ ಹೋಯಿತು. ಅತ್ತೆ, ಕೆಟ್ಟ ರಕ್ತ ಹೋಗಲಿ ಬಿಡು, ಒಳ್ಳೆಯದೇ ಎಂದರು. ತಲೆ ಸುತ್ತಿ ಬಚ್ಚಲಲ್ಲಿ ಬಿದ್ದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಾಸಿನ ಚೂರು ಒಳಗೇ ಉಳಿದಿತ್ತಂತೆ. ಡಿಸ್ಚಾರ್ಜ್ ಮಾಡುವಾಗ ಎಷ್ಟು ಹೋದರೆ ಜಾಸ್ತಿ ಎಂದು ಯಾರೂ ಹೇಳಿರಲಿಲ್ಲ. ನೀವು ಡ್ರೇಪ್ ಹಾಕಿ ಅಳೆಯುತ್ತೀರಿ. ಮನೆಯಲ್ಲಿ ನಾವು ಹೇಗೆ ಅಳೆಯಬೇಕು?

ಬೋಧಕಿ_ಕರಾವಳಿ

ಅಯ್ಯೋ, ನೀವು ಬಂದಿದ್ದೇ ಒಳ್ಳೆಯದಾಯಿತು. ಮನೆಯಲ್ಲಿ ಅಳತೆ ಎಂದರೆ ಪ್ಯಾಡ್. ಗಂಟೆಗೊಂದು ದೊಡ್ಡ ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ, ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆಗಳು ಹೋಗುತ್ತಿದ್ದರೆ, ಕಡಿಮೆಯಾಗುತ್ತ ಬಂದದ್ದು ಮತ್ತೆ ಕೆಂಪಗೆ ಜೋರಾದರೆ, ಕೆಟ್ಟ ವಾಸನೆ, ಜ್ವರ, ತಲೆಸುತ್ತು, ಎದೆ ಡವಡವ ಇದ್ದರೆ ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಫೋನ್ ಮಾಡಬೇಕು. ಮಾಮೂಲಿಯಾಗಿ ಮೊದಲ ಕೆಲವು ದಿನ ಕೆಂಪು, ಆಮೇಲೆ ಕಂದು, ಆಮೇಲೆ ಬೆಳ್ಳಗೆ ಆಗುತ್ತ ಹೋಗುತ್ತದೆ. ಕೆಟ್ಟ ರಕ್ತ ಎಂಬುದೇ ಇಲ್ಲ. ಹೋಗುವುದೆಲ್ಲ ನಿಮ್ಮದೇ ರಕ್ತ.

ಇದನ್ನು ಬಾಣಂತಿಗೆ ಮಾತ್ರ ಹೇಳಿದರೆ ಪ್ರಯೋಜನವಿಲ್ಲ. ಮನೆಯಲ್ಲಿ ತೀರ್ಮಾನ ಮಾಡುವುದು ಅತ್ತೆ, ತಾಯಿ. ಅವರನ್ನೂ ಕೂರಿಸಿಕೊಂಡು, ನೆನೆದ ಪ್ಯಾಡ್ ತೋರಿಸಿಯೇ ಹೇಳಬೇಕು ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಅಜ್ಜಿಮನೆ

ಎಲ್ಲದಕ್ಕೂ ಅತ್ತೆಯನ್ನೇ ಬೈಯುತ್ತೀರಿ. ನಲವತ್ತು ದಿನ ಬಾಣಂತಿಗೆ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ಅಂಟಿನುಂಡೆ ಮಾಡಿಕೊಟ್ಟು, ಒಂದು ಕಡ್ಡಿ ಎತ್ತಲು ಬಿಡದೆ ನೋಡಿಕೊಳ್ಳುವವರು ಯಾರು? ನಿಮ್ಮ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟು ಕಳಿಸುತ್ತೀರಿ.

ಬೋಧಕಿ_ಕರಾವಳಿ

ಅಮ್ಮ, ಬೈದಿಲ್ಲ. ವಿಶ್ರಾಂತಿ ಕೊಡುವುದು, ಬಿಸಿ ಊಟ ಹಾಕುವುದು, ಮಗು ಎತ್ತಿಕೊಳ್ಳುವುದು, ಇದೆಲ್ಲ ಯಾವ ವಾರ್ಡಿನಲ್ಲೂ ಸಿಗುವುದಿಲ್ಲ. ನಾನು ಬೇಡ ಎನ್ನುವುದು ಒಂದನ್ನೇ. ಹೊಟ್ಟೆ ಬರುತ್ತದೆ, ಮಗುವಿಗೆ ಶೀತ ಆಗುತ್ತದೆ ಎಂದು ನೀರು ಕುಡಿಯಲು ಬಿಡದೆ, ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಬೆವರಿಸುವುದು. ಹೆರಿಗೆಯಾದ ಹೊಸದರಲ್ಲಿ ರಕ್ತ ತಾನಾಗಿಯೇ ಹೆಪ್ಪುಗಟ್ಟುವ ಗುಣ ಜಾಸ್ತಿ ಇರುತ್ತದೆ. ಅದರ ಜೊತೆ ಮೈಯಲ್ಲಿ ನೀರೂ ಕಡಿಮೆಯಾದರೆ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಫಿಟ್ಸ್ ಬರುವ ಅಪಾಯ ಇದೆ. ಇಂಥ ಬಾಣಂತಿಯರ ಬಗ್ಗೆ ನಿಮ್ಹಾನ್ಸ್‌ನವರು ಎಷ್ಟೋ ವರ್ಷಗಳಿಂದ ಬರೆಯುತ್ತಿದ್ದಾರೆ. ತಣ್ಣೀರು ಬೇಡ ಎಂದರೆ ಕಾಯಿಸಿ ಆರಿಸಿದ ನೀರು ಕೊಡಿ, ಜೀರಿಗೆ ನೀರು ಕೊಡಿ. ಬಾಯಾರಿದಷ್ಟೂ ಕೊಡಿ.

ಆಶಾ_ತುಮಕೂರು

ನಾವು ಮನೆಭೇಟಿಗೆ ಹೋಗುವುದು 3, 7, 14, 21, 28, 42ನೇ ದಿನ. ನಿಜ ಹೇಳಬೇಕೆಂದರೆ ನಮ್ಮ ಫಾರಂನಲ್ಲಿ ಮಗುವಿನದೇ ಜಾಸ್ತಿ. ತೂಕ, ಉಷ್ಣತೆ, ಹೊಕ್ಕುಳು. ತಾಯಿ ಬಗ್ಗೆ ಕೇಳುವ ಹೊತ್ತಿಗೆ ಅವಳು ಒಳಗೆ ಹೋಗಿರುತ್ತಾಳೆ, ಅತ್ತೆ ಉತ್ತರ ಹೇಳುತ್ತಿರುತ್ತಾರೆ. ಈಗ ನಾನು ಮೊದಲು ಒಳಗೇ ಹೋಗಿ ದಿನಕ್ಕೆ ಎಷ್ಟು ಪ್ಯಾಡ್ ಎಂದು ಅವಳನ್ನೇ ಕೇಳುತ್ತೇನೆ. ಆಮೇಲೆ ಮಗು.

ಬಿಎಸ್ಸಿ_ಮೂರನೇವರ್ಷ

ಒಂದು ದಡ್ಡ ಪ್ರಶ್ನೆ. ಡ್ರೇಪ್ ಹಾಕಿದರೂ ಒಡೆದ ನೀರು, ಮೂತ್ರ ಅದಕ್ಕೇ ಬೀಳುತ್ತದಲ್ಲ? ಆಗ 500 ಎಂದು ತೋರಿಸಿದ್ದು ಸುಳ್ಳಾಗುವುದಿಲ್ಲವೇ?

ಕುಂದಾನಗರಿ

ದಡ್ಡ ಪ್ರಶ್ನೆ ಅಲ್ಲ ತಮ್ಮಾ, ಎಲ್ಲರೂ ಎಡವುವುದು ಇಲ್ಲೇ. ಮಗು ಹೊರಬಂದು, ಉಳಿದ ನೀರು ಹರಿದು ಹೋದ ಮೇಲೆ, ಮಾಸು ಬೀಳುವ ಮೊದಲು ಡ್ರೇಪ್ ಹಾಕಬೇಕು. ಸೊಂಟ ಸ್ವಲ್ಪ ಎತ್ತಿಸಿ ಕೆಳಗೆ ತಳ್ಳಿ, ಮೇಲಿನ ದಾರಗಳನ್ನು ಹೊಟ್ಟೆ ಸುತ್ತ ಕಟ್ಟಿ, ಚೀಲವನ್ನು ಟೇಬಲ್ ಅಂಚಿನಿಂದ ಕೆಳಗೆ ಇಳಿಬಿಡಬೇಕು. ಬೆನ್ನು, ತಲೆ ಕಡೆ ಸ್ವಲ್ಪ ಎತ್ತರ ಇರಲಿ, ಇಲ್ಲದಿದ್ದರೆ ರಕ್ತ ಬೆನ್ನ ಹಿಂದೆ ಹೋಗಿ ನಿಲ್ಲುತ್ತದೆ. ಮೂತ್ರ ಮಾಡಿಸಬೇಕಾದರೆ ಬೇರೆ ಬೆಡ್‌ಪ್ಯಾನ್. ಹೊಲಿಗೆ ಹಾಕುವಾಗ ಬಳಸಿದ ಗಾಜ್ ಚೀಲದೊಳಗೆ ಎಸೆಯಬೇಡಿ, ಬೇರೆ ತೂಕ ಹಾಕಿ ಕೂಡಿಸಿ. ಒಂದು ಗಂಟೆ ಡ್ರೇಪ್ ಅಲ್ಲೇ ಇರಲಿ, ಕಾಲು ಗಂಟೆಗೊಮ್ಮೆ ಗೆರೆ ನೋಡಿ ಬರೆದುಕೊಳ್ಳಿ. ರಕ್ತ ಹೋಗುತ್ತಲೇ ಇದ್ದರೆ ಎರಡು ಗಂಟೆ.

ಹಳೇಸ್ಟಾಫ್

ಇಷ್ಟೆಲ್ಲ ಓದಿದೆ. ನನ್ನ ಪ್ರಶ್ನೆಗೆ ಉತ್ತರ ಯಾರೂ ಕೊಡಲಿಲ್ಲ. ಮೂರು ಟೇಬಲ್‌ಗೆ ಇಬ್ಬರು. ಕಾಲು ಗಂಟೆಗೊಮ್ಮೆ ನಾಡಿ, ಬಿ.ಪಿ., ಹೊಟ್ಟೆ, ಚೀಲದ ಗೆರೆ. ಮೂವರಿಗೂ ಎಂದರೆ ಗಂಟೆಗೆ ಹನ್ನೆರಡು ಸಲ. ಅಷ್ಟರಲ್ಲಿ ನಾಲ್ಕನೆಯವಳು ಬಾಗಿಲಲ್ಲಿ ಮುಕ್ಕುತ್ತಿರುತ್ತಾಳೆ. ಆಗ ಯಾವುದನ್ನು ಬಿಡಲಿ?

ರಾತ್ರಿಪಾಳಿ

ಅಕ್ಕ, ಇದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ. ಡ್ರೇಪ್ ಬಂದರೆ ಸಿಬ್ಬಂದಿ ಬಂದಂತೆ ಆಗುವುದಿಲ್ಲ ಎನ್ನುವುದು ನಿಜ. ನಮ್ಮಲ್ಲಿ ಸದ್ಯಕ್ಕೆ ಮಾಡಿರುವುದು ಇಷ್ಟು. ಹೆರಿಗೆಯಾದ ತಕ್ಷಣ ಬಾಣಂತಿಯರ (ಪಿ.ಎನ್.ಸಿ.) ವಾರ್ಡಿಗೆ ದಬ್ಬುವುದನ್ನು ನಿಲ್ಲಿಸಿ, ಎರಡು ಗಂಟೆ ಲೇಬರ್ ರೂಮಿನಲ್ಲೇ, ನಮ್ಮ ಕಣ್ಣಿಗೆ ಬೀಳುವ ಮಂಚಕ್ಕೆ ಹಾಕುತ್ತೇವೆ. ಅಲ್ಲೇ ಮಗುವಿಗೆ ಹಾಲು ಕೊಡಿಸುತ್ತೇವೆ. ಜೊತೆಗೆ ಬಂದ ಹೆಂಗಸಿಗೆ ಚೀಲದ 300ರ ಗೆರೆ ತೋರಿಸಿ, ಇಲ್ಲಿಗೆ ಬಂದರೆ ಕೂಗಿ ಎಂದು ಹೇಳುತ್ತೇವೆ. ನಾವು ನೋಡುವುದಕ್ಕೆ ಇದು ಬದಲಿ ಅಲ್ಲ, ಗೊತ್ತು. ಆದರೆ ಮೊನ್ನೆ ಒಬ್ಬ ಅಜ್ಜಿ ಕೂಗಿದ್ದರಿಂದಲೇ ಹೋಗಿ ನೋಡಿದೆವು. 350 ಇತ್ತು, ನಾಡಿ 112.

ರಿಜಿಸ್ಟರ್‌ನಲ್ಲೂ ಒಂದು ಬದಲಾವಣೆ ಆಗಿದೆ. ಸಂಖ್ಯೆಯ ಪಕ್ಕ 'ಅಳತೆ' ಅಥವಾ 'ಅಂದಾಜು' ಎಂದು ಬರೆಯಲೇಬೇಕು. ಇನ್‌ಚಾರ್ಜ್ ಸಿಸ್ಟರ್ ಉಪಾಯ ಇದು. ಡ್ರೇಪ್ ಮುಗಿದ ದಿನ ಎಲ್ಲ 'ಅಂದಾಜು' ಆಗುತ್ತದೆ, ಅದನ್ನೇ ಇಂಡೆಂಟ್ ಜೊತೆ ಆಡಳಿತಾಧಿಕಾರಿಗೆ ತೋರಿಸುತ್ತಾರೆ.

ಕುಂದಾನಗರಿ ಅವರೇ, ಇಂಡೆಂಟ್‌ನಲ್ಲಿ ಏನೆಂದು ಬರೆಯಬೇಕು? ಹೋದ ಸಲ ಬರೀ 'ಡ್ರೇಪ್' ಎಂದು ಬರೆದದ್ದಕ್ಕೆ ಸ್ಟೋರಿನಿಂದ ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ ಬಂತು.

ಕುಂದಾನಗರಿ

ಹ್ಹ ಹ್ಹ, ಬರಲೇಬೇಕು! 'ಹೆರಿಗೆ ನಂತರದ ರಕ್ತ ಸಂಗ್ರಹಿಸುವ ಪ್ಲಾಸ್ಟಿಕ್ ಡ್ರೇಪ್, ಎಂ.ಎಲ್. ಅಳತೆ ಗೆರೆ ಸಹಿತ, ಒಂದೇ ಸಲ ಬಳಸುವಂಥದ್ದು' ಎಂದು ಪೂರ್ತಿ ಬರೆಯಿರಿ. ಜೊತೆಗೆ ಒಂದು ಫೋಟೋ ಪಿನ್ ಮಾಡಿ. ಅದು ಬರುವವರೆಗೆ ಮಗುವಿನ ತೂಕದ ಯಂತ್ರ ಬಳಸಬೇಡಿ, ರಕ್ತದ ಬಟ್ಟೆಗೆ ಪ್ರತ್ಯೇಕ ತಕ್ಕಡಿ ಇಡಿ. ದಿನಸಿ ಅಂಗಡಿಯಲ್ಲಿ ಇರುವಂಥ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ನಿಮ್ಮಲ್ಲಿ ಬರುವ ಪ್ಯಾಡ್, ಗಾಜ್ ಒಣಗಿದ್ದಾಗಲೇ ಒಂದೊಂದು ತೂಕ ಹಾಕಿ ಗೋಡೆ ಮೇಲೆ ಬರೆದಿಡಿ. ಸಪ್ಲೈ ಬದಲಾದಾಗ ತೂಕವೂ ಬದಲಾಗುತ್ತದೆ, ಮತ್ತೆ ಹಾಕಬೇಕು. ಪಿಎಚ್‌ಸಿ ಸಿಸ್ಟರ್, ನಿಮಗೂ ಇದೇ ಮಾತು. ಸ್ಟ್ಯಾಂಡಿಂಗ್ ಆರ್ಡರ್ ಸಹಿ ಆದ ಮೇಲೆ ಇಲ್ಲಿ ಹಾಕಿ, ಹೆಸರು ಊರು ಮರೆಮಾಡಿ. ಉಳಿದವರಿಗೆ ನಕಲು ಮಾಡಿಕೊಳ್ಳಲು ಆಗುತ್ತದೆ.